ಕಂಪೈಲರ್ ತಾನೇ ತೆಗೆಯುವ ಡೆರಿವೇಟಿವ್ ಸರಿಯಿದೆಯೇ ಎಂದು ಟೆಸ್ಟ್ ಮಾಡುವುದು ಹೇಗೆ?

ಪುಣೆಯ ಹಿಂಜವಡಿಯಲ್ಲಿ ಕಂಪೈಲರ್ ತಂಡ ಸೇರಿದ್ದೀರಿ, ಎಕ್ಸ್ ವರ್ಗ ಕೊಟ್ಟರೆ 2ಎಕ್ಸ್ ಬರುತ್ತಿದೆ, ಇಷ್ಟು ಟೆಸ್ಟ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅಂಥ ಟೆಸ್ಟ್ ಅರೆಬೆಂದ ಕಂಪೈಲರ್‌ನಲ್ಲೂ ಪಾಸಾಗುತ್ತದೆ.

ಮೊದಲು ಸೆಂಟ್ರಲ್ ಡಿಫರೆನ್ಸ್ ಜೊತೆ ಹೋಲಿಸಿ: ಬಿಂದುವಿನ ಎರಡೂ ಬದಿಗೆ ಎಚ್‌ನಷ್ಟು ಸರಿದು, ಅಲ್ಲಿನ ಬೆಲೆಗಳ ವ್ಯತ್ಯಾಸವನ್ನು 2ಎಚ್‌ನಿಂದ ಭಾಗಿಸಿ. ಎಚ್ ತೀರಾ ಚಿಕ್ಕದಾದರೆ ರೌಂಡಿಂಗ್ ದೋಷವೇ ಉತ್ತರವನ್ನು ನುಂಗುತ್ತದೆ. 64 ಬಿಟ್ ಫ್ಲೋಟ್‌ನಲ್ಲಿ, ಬೆಲೆಗಳು 1ರ ಆಸುಪಾಸಿದ್ದರೆ, 0.00001 ಹತ್ತಿರ ಇಡಿ. ಕೊನೆಯ ಅಂಕಿಯವರೆಗೂ ಹೊಂದಲೇಬೇಕೆಂದು ಹಠ ಬೇಡ.

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು. ಯಾದೃಚ್ಛಿಕವಾಗಿ ಯು, ವಿ ಎಂಬ ಎರಡು ವೆಕ್ಟರ್ ತೆಗೆದುಕೊಳ್ಳಿ. ಫಾರ್ವರ್ಡ್ ಮೋಡ್‌ಗೆ (ಇನ್‌ಪುಟ್‌ನಿಂದ ಔಟ್‌ಪುಟ್ ಕಡೆಗೆ ಡೆರಿವೇಟಿವ್ ಲೆಕ್ಕ ಹಾಕುವ ಬಗೆ) ವಿ ಕೊಟ್ಟು, ಬಂದದ್ದನ್ನು ಯು ಜೊತೆ ಡಾಟ್ ಪ್ರಾಡಕ್ಟ್ ಮಾಡಿ. ರಿವರ್ಸ್ ಮೋಡ್‌ಗೆ (ಔಟ್‌ಪುಟ್‌ನಿಂದ ಇನ್‌ಪುಟ್ ಕಡೆಗೆ ಹಿಂದಕ್ಕೆ ಲೆಕ್ಕ ಹಾಕುವ ಬಗೆ) ಯು ಕೊಟ್ಟು, ಬಂದದ್ದನ್ನು ವಿ ಜೊತೆ. ಎರಡೂ ಒಂದೇ ಆಗಬೇಕು. ಇಲ್ಲಿ ಎಚ್‌ನ ಗೋಜೇ ಇಲ್ಲ. ಆದರೆ ಸೈನ್ (sin) ಫಂಕ್ಷನ್‌ನ ಡೆರಿವೇಟಿವ್ ನಿಯಮವನ್ನೇ ಎರಡೂ ಮೋಡ್‌ನಲ್ಲಿ ತಪ್ಪಾಗಿ ಬರೆದಿದ್ದರೆ ಇದು ಹಿಡಿಯುವುದಿಲ್ಲ, ಹಾಗಾಗಿ ಮೊದಲಿನ ಸೆಂಟ್ರಲ್ ಡಿಫರೆನ್ಸ್ ಟೆಸ್ಟನ್ನು ಬಿಡಬೇಡಿ.

ಬಗ್ ಅಡಗಿರುವುದು ಬಹುಪಾಲು ರಿವರ್ಸ್ ಮೋಡ್‌ನಲ್ಲಿ: ಒಂದೇ ವೇರಿಯಬಲ್ ಎರಡು ಸಲ ಬಳಕೆಯಾದಾಗ ಎರಡೂ ಕಡೆಯಿಂದ ಬಂದ ಗ್ರೇಡಿಯಂಟ್ (ಆ ವೇರಿಯಬಲ್‌ನ ಡೆರಿವೇಟಿವ್) ಕೂಡಬೇಕು, ಹಳೆಯದರ ಮೇಲೆ ಬರೆಯಬಾರದು. ಲೂಪಿನೊಳಗೆ ಅರೇ ತಿದ್ದುವ ಕೋಡನ್ನೂ ಟೆಸ್ಟಿಗೆ ಹಾಕಿ. ಸೊನ್ನೆಯಲ್ಲಿ ನಿರಪೇಕ್ಷ ಬೆಲೆಗೆ ಡೆರಿವೇಟಿವ್ ಇಲ್ಲ. ಅಲ್ಲಿ ಏನು ಕೊಡಬೇಕೆಂದು ತಂಡದಲ್ಲೇ ತೀರ್ಮಾನಿಸಿ. ಎಲ್ಲವನ್ನೂ ಆಪ್ಟಿಮೈಸೇಶನ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸಿ.