ಹಳೇ ಹಾರರ್ ಪೋಸ್ಟರ್‌ನಲ್ಲಿ ಇರುವುದು ಸಿನಿಮಾದಲ್ಲಿ ಯಾಕೆ ಇರುವುದಿಲ್ಲ?

ನೀವು ಕೇಳಿರುವುದು ಎರಡು ವಿಷಯ. 1950ರ ದಶಕದ ಹಾಲಿವುಡ್ ಹಾರರ್ ಪೋಸ್ಟರ್ ನೋಡಿ ಆಸೆಯಿಂದ ಸಿನಿಮಾ ನೋಡಿದರೆ ಯಾಕೆ ನಿರಾಸೆಯಾಗುತ್ತದೆ? ಆ ಕಾಗದಕ್ಕೆ ಜನ ಯಾಕೆ ಅಷ್ಟು ದುಡ್ಡು ಸುರಿಯುತ್ತಾರೆ?

ಎಷ್ಟೋ ಸಲ ಪೋಸ್ಟರೇ ಮೊದಲು, ಸಿನಿಮಾ ಆಮೇಲೆ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕಂಪನಿಯ ಜೇಮ್ಸ್ ನಿಕೋಲ್ಸನ್ ಮೊದಲು ಒಂದು ಹೆಸರು ಯೋಚಿಸಿ, ಚಿತ್ರಕಾರ ಆಲ್ಬರ್ಟ್ ಕ್ಯಾಲಿಸ್ ಕೈಲಿ ಪೋಸ್ಟರ್ ಬರೆಸಿ ಥಿಯೇಟರ್‌ನವರಿಗೆ ತೋರಿಸುತ್ತಿದ್ದರು. ಅವರು ಹೂಂ ಅಂದರೆ ಶೂಟಿಂಗ್. 1955ರ 'ದಿ ಬೀಸ್ಟ್ ವಿತ್ ಎ ಮಿಲಿಯನ್ ಐಸ್' ನೋಡಿ. ಪೋಸ್ಟರ್ ತುಂಬ ಕಣ್ಣುಗಳಿರುವ ರಾಕ್ಷಸ. ಸಿನಿಮಾದಲ್ಲಿ ಅಂಥದ್ದೇನೂ ಇಲ್ಲ, ಅನ್ಯಗ್ರಹದ ಜೀವಿ ಪ್ರಾಣಿಗಳ ಕಣ್ಣಿನಿಂದ ನೋಡುತ್ತದೆ ಅಷ್ಟೆ. ರಾಕ್ಷಸ ಎಲ್ಲಿ ಅಂತ ವಿತರಕರು ಕೇಳಿದಾಗ ಪಾಲ್ ಬ್ಲೇಸ್‌ಡೆಲ್ ಅವರಿಂದ ಒಂದು ಪುಟ್ಟ ಗೊಂಬೆ ಮಾಡಿಸಿ ಸೇರಿಸಿದರು.

ನನಗೆ ತುಂಬಾ ಇಷ್ಟವಾದದ್ದು ಚಿತ್ರಕಾರ ರೆನಾಲ್ಡ್ ಬ್ರೌನ್ ಬರೆದ 'ಅಟ್ಯಾಕ್ ಆಫ್ ದಿ 50 ಫುಟ್ ವುಮನ್' (1958) ಪೋಸ್ಟರ್. ಹೈವೇ ಸೇತುವೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತ ಹೆಂಗಸು, ಒಂದು ಕೈಯಲ್ಲಿ ಕಾರು, ಇನ್ನೊಂದು ಕೈ ಕೆಳಗೆ ಚಾಚಿದೆ. ಕಾಲಡಿಯಲ್ಲಿ ವಾಹನಗಳು ಡಿಕ್ಕಿ ಹೊಡೆಯುತ್ತಿವೆ, ಜನ ಓಡುತ್ತಿದ್ದಾರೆ. ಈ ದೃಶ್ಯ ಸಿನಿಮಾದಲ್ಲಿ ಇಲ್ಲವೇ ಇಲ್ಲ! ಅಲ್ಲಿರುವುದು ಒಂದು ದೊಡ್ಡ ನಕಲಿ ಕೈ, ಮತ್ತೆ ಎರಡು ಚಿತ್ರ ಸೇರಿಸುವಾಗ ಅರ್ಧ ಪಾರದರ್ಶಕವಾಗಿ ಹೋದ ನಾಯಕಿ. ಇದನ್ನು ಮೋಸ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ನಿರ್ಮಾಪಕರ ಹತ್ತಿರ ದುಡ್ಡಿರಲಿಲ್ಲ, ಚಿತ್ರಕಾರನ ಹತ್ತಿರ ಬಣ್ಣ ಇತ್ತು. ಕ್ಯಾಮೆರಾಗೆ ಆಗದ್ದನ್ನು ಕುಂಚ ಮಾಡಿ ತೋರಿಸಿತು. ಪೋಸ್ಟರನ್ನು ಬೇರೆಯೇ ಒಂದು ಕಲಾಕೃತಿ ಅಂತ ನೋಡಿ, ನಿರಾಸೆ ಆಗಲ್ಲ.

ಇನ್ನು ಬೆಲೆ. ಹಳೇ ಕಾಲದಲ್ಲಿ ಪೋಸ್ಟರ್ ಯಾರೂ ಜೋಪಾನ ಮಾಡುವ ವಸ್ತು ಆಗಿರಲಿಲ್ಲ. ಒಂದು ಥಿಯೇಟರಿನಿಂದ ಇನ್ನೊಂದಕ್ಕೆ ಹೋಗಿ, ಹರಿದ ಮೇಲೆ ಕಸಕ್ಕೆ ಹೋಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ರದ್ದಿ ಕಾಗದಕ್ಕೂ ತುಂಬಾ ಹೋಯಿತು. ಹಾಗಾಗಿ ಯೂನಿವರ್ಸಲ್ ಸ್ಟುಡಿಯೋದ 1930ರ ದಶಕದ ಪೋಸ್ಟರ್‌ಗಳು ಉಳಿದಿರುವುದು ಕೈಬೆರಳೆಣಿಕೆಯಷ್ಟು. 1932ರ 'ದಿ ಮಮ್ಮಿ' ಪೋಸ್ಟರ್ 1997ರ ಹರಾಜಿನಲ್ಲಿ 4,53,500 ಡಾಲರ್‌ಗೆ ಹೋಯಿತು, 1931ರ 'ಡ್ರಾಕುಲಾ' 2017ರಲ್ಲಿ 5,25,800ಕ್ಕೆ. ಆ 'ಮಮ್ಮಿ' ಪೋಸ್ಟರ್‌ನಲ್ಲಿ ನಟ ಬೋರಿಸ್ ಕಾರ್ಲಾಫ್ ಹೆಸರು ದಪ್ಪಕ್ಷರದಲ್ಲಿದೆ. ಬರೀ ಒಂದು ವರ್ಷದ ಹಿಂದೆ 'ಫ್ರಾಂಕೆನ್‌ಸ್ಟೈನ್' ಶುರುವಿನ ಟೈಟಲ್ ಕಾರ್ಡ್‌ನಲ್ಲಿ ಅವರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು! ಇಂಥವನ್ನು ಕೂಡಿಟ್ಟವರಲ್ಲಿ ಮೆಟಾಲಿಕಾ ಎಂಬ ಅಮೆರಿಕನ್ ಸಂಗೀತ ತಂಡದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಒಬ್ಬರು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರಲ್ಲ, ಅವರೇ. ಅವರ ಸಂಗ್ರಹ 2017ರಲ್ಲಿ ಅಮೆರಿಕದ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿ ಪ್ರದರ್ಶನವಾಯಿತು.

ಪೋಸ್ಟರ್ ಕೊಟ್ಟ ಮಾತನ್ನು ಉಳಿಸಿಕೊಂಡ ಸಿನಿಮಾ ಬೇಕು ಅಂದರೆ 1948ರ 'ಅಬಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್' ನೋಡಿ. 1931ರ 'ಡ್ರಾಕುಲಾ'ದ ನಟ ಬೆಲಾ ಲುಗೋಸಿ ಪೂರ್ಣ ಸಿನಿಮಾದಲ್ಲಿ ಡ್ರಾಕುಲಾ ಆದದ್ದು ಎರಡೇ ಸಲ, ಎರಡನೆಯದು ಇದು. ಅವರಾಗಲಿ, ತೋಳಮನುಷ್ಯನಾದ ಲಾನ್ ಚೇನಿ ಜೂನಿಯರ್ ಆಗಲಿ ನಗಿಸೋಕೆ ಹೋಗುವುದೇ ಇಲ್ಲ, ಗಂಭೀರವಾಗಿಯೇ ಹೆದರಿಸುತ್ತಾರೆ. ನಗು ಬರುವುದು ಹಾಸ್ಯನಟರ ಜೋಡಿ ಅಬಟ್ ಮತ್ತು ಕಾಸ್ಟೆಲೊ ಎಂಬ ಆ ಇಬ್ಬರು ಪುಕ್ಕಲರಿಂದ. ಹಾರರ್ ಕಾಮಿಡಿ ಹೀಗಿರಬೇಕು.

ಕೊಳ್ಳುವ ಯೋಚನೆ ಇದ್ದರೆ ಅಳತೆ ನೋಡಿ. ಆಗಿನ ಮಾಮೂಲಿ ಪೋಸ್ಟರ್ 27 ಇಂಚು ಅಗಲ, 41 ಇಂಚು ಉದ್ದ. ಮಡಚಿ ಕಳಿಸುತ್ತಿದ್ದರು, ಆದ್ದರಿಂದ ಮಡಿಕೆ ಗುರುತು ಸಹಜ. 24 ಬೈ 36 ಅಳತೆಯ ನುಣುಪು ಕಾಗದ ಸಿಕ್ಕರೆ ಅದು ಈಚಿನ ಪ್ರಿಂಟ್. ಕೆಳಗಿನ ಮೂಲೆಯಲ್ಲಿ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಪೋಸ್ಟರ್ ಹಂಚುವ ಸಂಸ್ಥೆಯ ಸಂಖ್ಯೆ ಇದ್ದು ಅದರ ಮುಂದೆ 'ಆರ್' ಅಕ್ಷರ ಇದ್ದರೆ ಅದು ಮರುಬಿಡುಗಡೆಯದ್ದು. ಆ ಸಂಸ್ಥೆ ಪೋಸ್ಟರ್ ಹಂಚಲು ಶುರು ಮಾಡಿದ್ದೇ 1940ರಲ್ಲಿ. ಅಂಥ ಗುರುತಿರುವ 'ಡ್ರಾಕುಲಾ'ವನ್ನು 1931ರದ್ದು ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.