ಮೊದಲ ಸಲ ಇಂಟರ್‌ವ್ಯೂ ಮಾಡುವವರು ಹೇಗೆ ತಯಾರಾಗಬೇಕು?

ಪ್ರಶ್ನೆ ಕೇಳುವವರೂ ತಯಾರಾಗಬೇಕು ಅಂತ ನಿಮಗೆ ಅನ್ನಿಸಿದ್ದೇ ಒಳ್ಳೆಯದು. ಅಭ್ಯರ್ಥಿಯ ಎದುರೇ ರೆಸ್ಯೂಮೆಯನ್ನು ಮೊದಲ ಸಲ ಓದಬೇಡಿ. ಹಿಂದಿನ ದಿನವೇ ಓದಿ, ಆ ಕೆಲಸಕ್ಕೆ ನಿಜವಾಗಿ ಬೇಕಾದ ನಾಲ್ಕೈದು ವಿಷಯ ಬರೆದುಕೊಂಡು, ಅವುಗಳ ಮೇಲೆ ಪ್ರಶ್ನೆ ಸಿದ್ಧ ಮಾಡಿ, ಬಂದವರೆಲ್ಲರಿಗೂ ಅದನ್ನೇ ಕೇಳಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ ಹಾಕಿ. ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ, ಕೆಲಸಕ್ಕೆ ಜನರನ್ನು ಆರಿಸುವ ಬಗ್ಗೆ ನಡೆದ 85 ವರ್ಷಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಹೀಗೆ ಕ್ರಮವಾಗಿ ಮಾಡಿದ್ದೇ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನೋದನ್ನು ಜಾಸ್ತಿ ಸರಿಯಾಗಿ ಹೇಳಿತ್ತು.

'ಗ್ರಾಹಕರು ಸಿಟ್ಟಾದರೆ ಏನು ಮಾಡ್ತೀರಿ?' ಅಂದರೆ ಎಲ್ಲರೂ 'ತಾಳ್ಮೆಯಿಂದ ಮಾತಾಡ್ತೀನಿ' ಅಂತಲೇ ಹೇಳುತ್ತಾರೆ. 'ಹಿಂದೆ ಅಂಥವರು ಬಂದಾಗ ಏನು ಮಾಡಿದಿರಿ, ಆಮೇಲೆ ಏನಾಯ್ತು?' ಅಂತ ಕೇಳಿ. ಮಾತು ಅಲ್ಲಿಂದ ಜೀವಂತವಾಗುತ್ತದೆ. ಅವರು ಯೋಚಿಸಲು ಸುಮ್ಮನಾದರೆ ನೀವೂ ಸುಮ್ಮನಿರಿ, ಉತ್ತರ ಎತ್ತಿಕೊಡಬೇಡಿ. ಅನುಭವ ಇಲ್ಲದವರಿಗೆ ಸಣ್ಣ ಕೆಲಸ ಕೊಟ್ಟು ನೋಡಿ: ಲೆಕ್ಕದ ಹುದ್ದೆ ಆದರೆ ಹತ್ತು ಬಿಲ್ ಕೊಟ್ಟು ತಾಳೆ ನೋಡಲು ಹೇಳಿ.

ಕೆಲಸಕ್ಕೆ ಇಂಗ್ಲಿಷ್ ಬೇಡ ಅಂದಮೇಲೆ ಕನ್ನಡದಲ್ಲೇ ಮಾತಾಡಿ. ಊರಿಂದ ಬಂದ ಎಷ್ಟೋ ಜಾಣ ಮಕ್ಕಳು ಬರೀ ಭಾಷೆಯ ಭಯಕ್ಕೆ ತಡವರಿಸುತ್ತಾರೆ, ಅದು ನೋಡಲು ನಿಜಕ್ಕೂ ಬೇಸರ. ಮದುವೆ, ಮಕ್ಕಳ ವಿಷಯ ಕೇಳಲೇಬೇಡಿ. ಕೊನೆಗೆ ಅವರೂ ಪ್ರಶ್ನೆ ಕೇಳಲು ಹತ್ತು ನಿಮಿಷ ಬಿಡಿ, ಫಲಿತಾಂಶ ಯಾವ ದಿನ ತಿಳಿಸ್ತೀರಿ ಅಂತ ಹೇಳಿ. ಆಯ್ಕೆ ಆಗದವರಿಗೂ ಆ ದಿನ ಫೋನ್ ಮಾಡಿ.