ಯಾವ ತಂತು ಕುಗ್ಗಿತು? ಮುದ್ದೇಬಿಹಾಳದ ಲೇಖಕರಿಗೊಂದು ಉತ್ತರ

ಮಾನ್ಯರೇ,

ಸ್ನಾಯುಗಳ ಸಂಕೋಚನವನ್ನು ಕುರಿತು ನಮ್ಮ ವಿಜ್ಞಾನ ಪುರವಣಿಗೆ ನೀವು ಕಳಿಸಿದ ಲೇಖನ ತಲುಪಿದೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಎದೆಮಟ್ಟಕ್ಕೆ ತಂದ ಪೈಲ್ವಾನನ ತೋಳಿನಿಂದ ಆರಂಭಿಸಿದ್ದು ಚೆನ್ನಾಗಿದೆ, ಭಾಷೆಯೂ ಶುದ್ಧವಾಗಿದೆ. ಆದರೆ ಆ ತೋಳಿನ ಒಳಹೊಕ್ಕ ಮೇಲೆ ನೀವು ಬರೆದ ಎರಡು ವಾಕ್ಯಗಳು ನನ್ನನ್ನು ಮುಂದೆ ಓದಗೊಡಲಿಲ್ಲ.

ಮೊದಲನೆಯದು: "ಮೆದುಳಿನ ಸಂದೇಶ ಬಂದೊಡನೆ ತಂತುಗಳು ಕುಗ್ಗಿ ಗಿಡ್ಡವಾಗುತ್ತವೆ." ಯಾವ ತಂತುಗಳು? ಹಿಂದಿನ ಸಾಲಿನಲ್ಲಿಯೇ ಸ್ನಾಯುವಿನೊಳಗಿನ ಎರಡು ಪ್ರೋಟೀನುಗಳಾದ ಆಕ್ಟಿನ್ ಮತ್ತು ಮಯೋಸಿನ್‌ಗಳ ತಂತುಗಳ ಹೆಸರು ಹೇಳಿರುವುದರಿಂದ ಓದುಗರು ಇವೇ ಕುಗ್ಗುತ್ತವೆಂದು ತಿಳಿಯುತ್ತಾರೆ. ಅವು ಕುಗ್ಗುವುದಿಲ್ಲ. 1954ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ವಿಜ್ಞಾನಿಗಳಾದ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ ತೋರಿಸಿಕೊಟ್ಟದ್ದು ಇದನ್ನೇ: ಸ್ನಾಯು ಗಿಡ್ಡವಾಗುವಾಗ ಸೂಕ್ಷ್ಮದರ್ಶಕದಲ್ಲಿ ಕಾಣುವ, ಮಯೋಸಿನ್ ಇರುವ ಕಪ್ಪು ಪಟ್ಟಿಯ ಅಗಲ ಇದ್ದಷ್ಟೇ ಇರುತ್ತದೆ, ಪಕ್ಕದ ಬಿಳಿ ಪಟ್ಟಿ ಮಾತ್ರ ಕಿರಿದಾಗುತ್ತದೆ. ಅಂದರೆ ತಂತುಗಳು ಕುಗ್ಗದೆ ಒಂದರ ಪಕ್ಕ ಒಂದು ಜಾರುತ್ತವೆ. ಸುಮಾರು 1.6 ಮೈಕ್ರೋಮೀಟರ್ ಉದ್ದದ ಮಯೋಸಿನ್ ತಂತುವಿನಿಂದ ಹೊರಚಾಚಿದ ನೂರಾರು ತಲೆಗಳು ಆಕ್ಟಿನ್ ತಂತುವನ್ನು ಹಿಡಿದು, ಕೆಲವೇ ನ್ಯಾನೋಮೀಟರ್‌ನಷ್ಟು ಎಳೆದು, ಬಿಟ್ಟು, ಮತ್ತೆ ಮುಂದಿನ ಜಾಗವನ್ನು ಹಿಡಿಯುತ್ತವೆ. ಎಲ್ಲ ತಲೆಗಳೂ ಒಮ್ಮೆಲೇ ಕೈಬಿಡುವುದಿಲ್ಲವಾದ್ದರಿಂದಲೇ ನಿಮ್ಮ ಪೈಲ್ವಾನನ ಕಲ್ಲು ನಡುವೆ ಜಾರುವುದಿಲ್ಲ. ಇಷ್ಟೊಂದು ಚೆಲುವಾದ ಕೆಲಸವನ್ನು "ಕುಗ್ಗಿ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಲ್ಲ ಎಂಬುದೇ ನನ್ನ ಸಂಕಟ.

ನಾನು ಬೆಳಗಾವಿಯ ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಅಲ್ಲಿಯ ಹಿರಿಯ ಉಪಸಂಪಾದಕರು ಪ್ರತಿ ಕ್ರಿಯಾಪದದ ಕೆಳಗೂ ಪೆನ್ಸಿಲ್ ಊರಿ, "ಇಲ್ಲಿ ಯಾರು ಏನ್ ಮಾಡ್ಯಾರ, ಹೇಳಪಾ" ಎಂದು ಕೇಳುತ್ತಿದ್ದರು. ಶಹಾಪುರದ ನೇಕಾರರ ಮೇಲೆ ಬರೆಯಲು ಹೇಳಿದಾಗ, ಮಗ್ಗದಲ್ಲಿ ಯಾವ ನೂಲು ನಿಂತಿರುತ್ತದೆ, ಯಾವುದು ಓಡುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬಂದ ಮೇಲೆಯೇ ಕಾಗದ ಮುಟ್ಟಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ನಿಮ್ಮ ಲೇಖನವನ್ನು ನಾನು ಓದಿದ್ದು ಅವರ ಪೆನ್ಸಿಲ್ ಹಿಡಿದೇ.

ಎರಡನೆಯ ವಾಕ್ಯ ನನಗೆ ಸಿಟ್ಟನ್ನೇ ತರಿಸಿತು: "ಎಟಿಪಿ ಮುಗಿಯುತ್ತಲೇ ಸ್ನಾಯು ಸಡಿಲಗೊಂಡು ಕಲ್ಲು ಕೆಳಗೆ ಬೀಳುತ್ತದೆ." ಎಟಿಪಿ ಎಂದರೆ ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣು. ನಿಜಸಂಗತಿ ನೀವು ಬರೆದದ್ದಕ್ಕೆ ತೀರ ವಿರುದ್ಧವಾಗಿದೆ. ಮಯೋಸಿನ್ ತಲೆ ಆಕ್ಟಿನ್ ಅನ್ನು ಬಿಡಬೇಕಾದರೆ ಹೊಸದೊಂದು ಎಟಿಪಿ ಅಣು ಬಂದು ಅದಕ್ಕೆ ಅಂಟಿಕೊಳ್ಳಲೇಬೇಕು. ಆ ಎಟಿಪಿ ಒಡೆದಾಗ ತಲೆ ಮುಂದಿನ ಎಳೆತಕ್ಕೆ ಸಜ್ಜಾಗುತ್ತದೆ. ಮತ್ತೆ ಆಕ್ಟಿನ್ ಅನ್ನು ಹಿಡಿದು, ಎಟಿಪಿ ಒಡೆದಾಗ ಬಂದ ಫಾಸ್ಫೇಟನ್ನು ಹೊರಹಾಕುವಾಗ ಎಳೆತ ನಡೆಯುತ್ತದೆ. ಸಂಕೋಚನಕ್ಕೆ ಚಾಲನೆ ಕೊಡುವ ಕ್ಯಾಲ್ಸಿಯಂ ಅನ್ನು ಸ್ನಾಯುಕೋಶದೊಳಗಿನ ಅದರ ಚೀಲಕ್ಕೆ ಮರಳಿ ತುಂಬುವುದಕ್ಕೂ, ಅಂದರೆ ಸ್ನಾಯು ಸಡಿಲಗೊಳ್ಳುವುದಕ್ಕೂ, ಎಟಿಪಿ ಬೇಕು. ಅದು ಪೂರ್ತಿ ಇಲ್ಲವಾದರೆ ತಲೆಗಳು ಹಿಡಿದಲ್ಲಿಯೇ ಬಿಗಿದು ನಿಲ್ಲುತ್ತವೆ. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಸಾವಾದಾಗ ಹಿರಿಯರು ಮೈ ಸೆಟೆಯುವ ಮೊದಲೇ ದೇಹವನ್ನು ಕೂರಿಸಲು ಅವಸರ ಮಾಡುವುದನ್ನು ನೀವೂ ಕಂಡಿರುತ್ತೀರಿ. ಉಸಿರು ನಿಂತ ಕೆಲವು ಗಂಟೆಗಳಲ್ಲಿ ಎಟಿಪಿ ತೀರಿಹೋಗುವುದರಿಂದಲೇ ಮೈ ಹಾಗೆ ಸೆಟೆಯುತ್ತದೆ. ದಣಿದ ಪೈಲ್ವಾನನ ತೋಳಿನಲ್ಲಿಯಾದರೋ ಎಟಿಪಿ ಎಂದೂ ಅಷ್ಟರ ಮಟ್ಟಿಗೆ ಬರಿದಾಗುವುದಿಲ್ಲ. ಅವನ ಕೈ ಸೋಲುವುದಕ್ಕೆ ಕಾರಣಗಳು ಬೇರೆ. ಕ್ಯಾಲ್ಸಿಯಂ ಬಿಡುಗಡೆ ತಗ್ಗುವುದೂ ಫಾಸ್ಫೇಟ್ ಹೆಚ್ಚಾಗಿ ಸೇರಿಕೊಳ್ಳುವುದೂ ಅವುಗಳಲ್ಲಿ ಸೇರಿವೆ.

ಉಳಿದ ಪುಟಗಳ ಬಗೆಗೆ ಈಗ ಏನೂ ಹೇಳುವುದಿಲ್ಲ. ಈ ಎರಡು ವಾಕ್ಯಗಳಿರುವ ಪ್ಯಾರಾವನ್ನು ಹೊಸದಾಗಿ ಬರೆಯಿರಿ. ಬರೆಯುವ ಮೊದಲು ತಲೆ ಹಿಡಿಯುವುದು, ಎಳೆಯುವುದು, ಬಿಡುವುದು ಯಾವ ಕ್ರಮದಲ್ಲಿ ನಡೆಯುತ್ತದೆಂದು ಕೈಯಿಂದಲೇ ಒಂದು ಚಿತ್ರ ಬರೆದುಕೊಳ್ಳಿರಿ. ಆ ಚಿತ್ರವನ್ನೂ ಲೇಖನದ ಜೊತೆಗೆ ಕಳಿಸಿದರೆ ಎರಡನ್ನೂ ಪ್ರಕಟಿಸುತ್ತೇನೆ.